ಅತ್ತದ್ದು ಹಾಡಾದ ಪ್ರಸಂಗ

ಗಂಡಸರು ಹಾಡಿಕೊಂಡು ಅಳಬಾರದು ಎಂಬ ಕಟ್ಟಳೆಯನ್ನು ವಿಜಯಪುರದ ಕಡೆ ಯಾರು ಮಾಡಿದರೋ ತಿಳಿಯದು. ಮಾಡಿದವರು ಯಾರೇ ಆಗಲಿ, ಮುಂದೊಂದು ಕಾಲಕ್ಕೆ ಭೀಮಣ್ಣ ಎಂಬವನೊಬ್ಬ ಹುಟ್ಟಲಿದ್ದಾನೆಂದು ಅವರಿಗೆ ಸುಳಿವು ಸಿಕ್ಕಿದ್ದಿರಬೇಕು.

ಆ ಕಡೆ ಸತ್ತವರ ಮನೆಯಲ್ಲಿ ಹೆಂಗಸರು ಸುಮ್ಮನೆ ಅಳುವುದಿಲ್ಲ. ಹಾಡ್ಯಾಡಿಕೊಂಡು ಅಳುತ್ತಾರೆ. ಹೆಣವನ್ನು ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿ, ಹೂವೇರಿಸಿ, ಅದರ ಮುಂದೆ ಕುಳಿತು ಸತ್ತವರ ಗುಣವನ್ನೂ ಇದ್ದವರ ಅವಗುಣವನ್ನೂ ಒಂದೇ ರಾಗದಲ್ಲಿ ಎತ್ತುತ್ತಾರೆ. ಇದಕ್ಕೊಂದು ನಿಯಮವುಂಟು. ಅಳುವವಳು ಹೇಳುವುದೆಲ್ಲ ಸತ್ತವರಿಗೆ. ಆದ್ದರಿಂದ ಅವಳು ಸೊಸೆಯನ್ನು ಚುಚ್ಚಿದರೂ, ಮೈದುನನ ಮಾನ ಕಳೆದರೂ, ಬದುಕಿದ್ದವರು ಮರುಮಾತು ಆಡುವಂತಿಲ್ಲ. ತಲೆ ತಗ್ಗಿಸಿ ಕೇಳಿಸಿಕೊಂಡು, ಮಣ್ಣು ಕೊಟ್ಟು, ಮನೆಗೆ ಹೋಗಿ ತಮ್ಮ ತಮ್ಮ ಹೆಂಡಂದಿರ ಮೇಲೆ ಸಿಟ್ಟು ತೀರಿಸಿಕೊಳ್ಳಬೇಕು. ಎಷ್ಟೋ ಮನೆತನಗಳು ಒಡೆಯದೆ ಉಳಿದಿರುವುದು ಈ ಏರ್ಪಾಟಿನಿಂದಲೇ.

ಆ ಕಡೆಯಿಂದ ಬಂದ ಭೀಮಣ್ಣ ಪುಣೆಯ ಕೊಂಢವಾದಲ್ಲಿ ಒಂದು ಟೈಲ್ಸ್ ಅಂಗಡಿಯ ಗುಮಾಸ್ತ. ವಯಸ್ಸು ಐವತ್ತೊಂದು. ಅವನ ಮುಖ ಹುಟ್ಟಾ ಯಾರನ್ನೋ ಮಣ್ಣು ಮಾಡಿ ಬಂದವನ ಮುಖ. ಮದುವೆಯ ಫೋಟೋದಲ್ಲಿಯೂ ಹಾಗೆಯೇ ಬಂದದ್ದರಿಂದ ಹೆಂಡತಿ ಸುಮಂಗಲಾ ಅದನ್ನು ಗೋಡೆಗೆ ಹಾಕಲಿಲ್ಲ. ಮನೆಗೆ ಬಂದವರು ಕೈಮುಗಿದಾರೆಂಬ ಭಯ. ಇಂಥ ಮುಖದವನಿಗೆ ನಿಜವಾಗಿ ಅಳುವ ಪ್ರಸಂಗ ಬಂದಾಗ ಮುಖದಲ್ಲಿ ಹೊಸದಾಗಿ ಮಾಡಿಕೊಳ್ಳಲು ಏನೂ ಉಳಿದಿರಲಿಲ್ಲ.

ಅವನ ತಾಯಿ ರುದ್ರವ್ವ ತೀರಿಕೊಂಡದ್ದು ಪುಣೆಯಿಂದ ರೈಲಿನಲ್ಲಿ ಎರಡು ತಾಸು ದೂರದ ದೌಂಡದಲ್ಲಿ, ಮಗಳು ಸಾಬವ್ವನ ಮನೆಯಲ್ಲಿ. ಸಾಬವ್ವ ಭೀಮಣ್ಣನಿಗೆ ಆರು ವರ್ಷ ದೊಡ್ಡವಳು. ಅವಳ ಗಂಡ ದತ್ತು ರೈಲ್ವೆಯಲ್ಲಿ ಸಿಗ್ನಲ್ ರಿಪೇರಿಯವನು. ಎರಡು ತಿಂಗಳು ಹಾಸಿಗೆ ಹಿಡಿದಿದ್ದ ತಾಯಿಯ ಜೀವ ಒಂದು ಬೆಳಗ್ಗೆ ಹನ್ನೊಂದಕ್ಕೆ ಹೋಯಿತು. ಅದಕ್ಕೆ ಮುಂಚೆ ಒಂದು ತಾಸಿನಲ್ಲಿ ಸಾಬವ್ವ ತಮ್ಮನಿಗೆ ಎಂಟು ಸಲ ಫೋನ್ ಮಾಡಿದ್ದಳು. ಭೀಮಣ್ಣ ಎತ್ತಲಿಲ್ಲ. ಕೊನೆಗೆ ದತ್ತು ಅಂಗಡಿಯ ಫೋನಿಗೇ ಮಾಡಿ ಸುದ್ದಿ ಹೇಳಿದ. ಭೀಮಣ್ಣ ಮುಟ್ಟುವಷ್ಟರಲ್ಲಿ ಐದು ಗಂಟೆಯಾಗಿತ್ತು. ಅಲ್ಲಿ ರುದ್ರವ್ವ ಹೂವಿನಲ್ಲಿ ಕುಳಿತಿದ್ದಳು. ಸಾಬವ್ವ ಎದುರಿಗೆ ಕುಳಿತಿದ್ದಳು. ತಮ್ಮನ ಚಪ್ಪಲಿಯ ಸದ್ದು ಕೇಳಿದ ಕೂಡಲೇ ಅವಳು ರಾಗ ಎತ್ತಿದಳು:

ಎವ್ವಾ ನಿನ ಮಗನಿಗಿ ಎಂಟು ಸಲ ಕರದೀನಿ, ಒಂದ ಸಲ ಓ ಅನಲಿಲ್ಲ
ಎವ್ವಾ ದಾರಿ ನೋಡೂ ಕಣ್ಣು ಬಾಗಿಲಾ ಬಿಡಲಿಲ್ಲ

ನೆರೆದ ನಲವತ್ತು ಜನ ಒಮ್ಮೆಲೇ ಭೀಮಣ್ಣನ ಕಡೆ ತಿರುಗಿದರು. ಬುದ್ಧಿಯಿದ್ದ ಗಂಡಸು ಇಂಥ ಹೊತ್ತಿನಲ್ಲಿ ಕಂಬ ಹುಡುಕಿಕೊಂಡು ಅದರ ಹಿಂದೆ ನಿಲ್ಲುತ್ತಾನೆ. ಭೀಮಣ್ಣ ಗಂಟಲು ಸರಿಮಾಡಿಕೊಂಡು, ಅಕ್ಕನ ರಾಗದಲ್ಲಿಯೇ, ಅಕ್ಕನ ಮಟ್ಟಿನಲ್ಲಿಯೇ ಉತ್ತರ ಕೊಟ್ಟ:

ಗಾಡಿಗಿ ಸಿಗ್ನಲ್ ಸಿಗಲಿಲ್ಲ, ಫೋನಿಗಿ ಸಿಗ್ನಲ್ ಸಿಗಲಿಲ್ಲ
ಜೀವ ಇಲ್ಲೇ ಇತ್ತ, ದೇಹಕ ದಾರಿ ಸಿಗಲಿಲ್ಲ

ಹೊರಗೆ ನಡೆದಿದ್ದ ಭಜನೆಯ ತಾಳ ನಿಂತಿತು. ಮುದುಕಿಯೊಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸಾಬವ್ವ ಐವತ್ತೇಳು ವರ್ಷದಲ್ಲಿ ನೂರಾರು ಸಾವಿಗೆ ಅತ್ತವಳು. ಎದುರಿನಿಂದ ಉತ್ತರ ಬಂದದ್ದು ಇದೇ ಮೊದಲು. ಅವಳು ಇನ್ನೂ ಎತ್ತರಿಸಿ ಹಾಡಿದಳು. ಇವನೂ ಬಿಡಲಿಲ್ಲ. ಸಿಗಲಿಲ್ಲ ಎಂದು ಇವನು, ಬರಲಿಲ್ಲ ಎಂದು ಅವಳು, ನಾಲ್ಕು ನಿಮಿಷ ಹನ್ನೆರಡು ಸೆಕೆಂಡು ನಡೆಯಿತು. ಇಷ್ಟು ಕರಾರುವಾಕ್ಕಾಗಿ ಹೇಳಲು ಕಾರಣ, ಸುಮಂಗಲಾಳ ತಮ್ಮ ಸ್ವಪ್ನಿಲ್ ಇದನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದ. ಮಸ್ಕತ್ತಿನಲ್ಲಿರುವ ಸಾಬವ್ವನ ಮಗಳು ಶೈಲಶ್ರೀ ಮಣ್ಣಿಗೆ ಬರಲಾಗದೆ, ಕೇಳಿಯಾದರೂ ಅಳುತ್ತೇನೆ ಎಂದಿದ್ದಳು.

ಮಣ್ಣು ಕೊಟ್ಟು ಬಂದ ಮೇಲೆ ಸಾಬವ್ವ ತಮ್ಮನ ಸಂಗಡ ಮಾತು ಬಿಟ್ಟಳು. ಬರದಿದ್ದುದಕ್ಕೆ ಅರ್ಧ ಸಿಟ್ಟು. ಅಳುವಿಗೆ ಉತ್ತರ ಕೊಟ್ಟದ್ದಕ್ಕೆ ಉಳಿದ ಒಂದೂವರೆ.

ಸ್ವಪ್ನಿಲ್ ವಿಮಾನ ನಗರದಲ್ಲಿ ಜಾಹೀರಾತಿನ ಸದ್ದು ಮಾಡುವ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದ. ಹೊಸ ಸ್ಪೀಕರ್ ಬಂದಾಗ ಪರೀಕ್ಷೆಗೆಂದು ಕೈಗೆ ಸಿಕ್ಕ ಅಳುವಿಗೆ ತಾಳ ಕೂಡಿಸಿ ನೋಡಿದ. ‘ಎವ್ವಾ’ ಎಂಬುದು ತಾಳಕ್ಕೆ ಅಡ್ಡ ಬರುತ್ತಿತ್ತು, ತೆಗೆದ. ‘ನಿನ ಮಗನಿಗಿ’ ಉದ್ದವಾಯಿತು, ಕತ್ತರಿಸಿದ. ತಾಯಿಯೂ ಹೋದಳು, ಮಗನೂ ಹೋದ. ಉಳಿದದ್ದು ಒಂದು ಹೆಣ್ಣು, ಒಂದು ಗಂಡು, ಎಂಟು ಸಲ ಕರೆದದ್ದು, ಸಿಗದ ಸಿಗ್ನಲ್. ಕೇಳಿದ ಗೆಳೆಯರು ಕಣ್ಣು ಮುಚ್ಚಿ ತಲೆದೂಗಿದರು. ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಒಂದೇ ಕೊಡೆಯ ಕೆಳಗೆ ನಿಂತ ಹರೆಯದ ಜೋಡಿಯ ಚಿತ್ರ ಹಚ್ಚಿ, ಈಗಿನ ಜೋಡಿ ಹಾಡುಗಾರರ ರೂಢಿಯಂತೆ ‘ಭೀಮ್ ಎಕ್ಸ್ ಸಾಬಾ’ ಎಂದು ಹೆಸರಿಟ್ಟು ಅವನು ಅದನ್ನು ಲೋಕಕ್ಕೆ ಬಿಟ್ಟ.

ಭೀಮಣ್ಣನಿಗೆ ಇದು ಗೊತ್ತಾದದ್ದು ಮೂರು ತಿಂಗಳ ಮೇಲೆ. ಅಂಗಡಿಗೆ ಬಚ್ಚಲಿನ ಟೈಲ್ ನೋಡಲು ಬಂದಿದ್ದ ಕಾಂಟ್ರಾಕ್ಟರನ ಫೋನು ದಡಂ ದಡಂ ಎಂದು ಸದ್ದು ಮಾಡಿ, ಅದರೊಳಗಿಂದ ಸಾಬವ್ವ ಅತ್ತಳು. ಭೀಮಣ್ಣ ತನಗೆ ತಿಳಿಯದೆಯೇ ಎದ್ದು ನಿಂತು ಕೈಮುಗಿದ. ಹಿಂದೆಯೇ ಅವನ ಸ್ವಂತ ದನಿ ಬಂತು. ಕಾಂಟ್ರಾಕ್ಟರ್ ಹೆಗಲು ಕುಣಿಸುತ್ತ, "ಮಸ್ತ್ ಗಾನಾ ಅದ ಅಲ್ರಿ? ನಮ್ಮ ಎಂಗೇಜ್ಮೆಂಟಿಗಿ ಇದನ್ನೇ ಹಚ್ಚಿದ್ವಿ" ಎಂದ. ಆ ದಿನ ಭೀಮಣ್ಣ ಬಿಳಿ ಟೈಲ್ ಕೇಳಿದವನಿಗೆ ಕಪ್ಪು ಟೈಲ್ ಕಳಿಸಿದ.

ಸಂಜೆ ಸ್ವಪ್ನಿಲ್‌ನನ್ನು ಮನೆಗೆ ಕರೆಸಿದ.

"ಮಾಮಾ, ನೀವು ಸಿಟ್ಟಿಗಿ ಬರ್ಬ್ಯಾಡ್ರಿ. ನಿಮ್ಮ ಧ್ವನಿಯೊಳಗ ಒಂದು ನೋವು ಅದ."

"ನಮ್ಮವ್ವ ಸತ್ತಿದ್ಲೋ ಹುಚ್ಚಪ್ಪಾ. ನೋವು ಇರ್ಲಾರ್ದ ಮತ್ತೇನು ಇರ್ತದ?"

"ಅದನ್ನೇ ಹೇಳ್ಲಿಕ್ಕತ್ತೀನಿ ನಾನೂ. ಬ್ಯಾರೆ ಹಾಡಿನವ್ರು ಅದನ್ನ ನಟನಾ ಮಾಡ್ಬೇಕಾಗ್ತದ."

ಸುಮಂಗಲಾ ಒಳಗಿನಿಂದ ಚಹಾ ತಂದಿಟ್ಟು, "ನನ್ನ ಸಂಗಾಟ ಇಪ್ಪತ್ತಾರು ವರ್ಷದಾಗ ಒಂದು ಹಾಡು ಹಾಡಿಲ್ಲ ಇವ್ರು. ಹಾಡಿದ್ದು ಒಂದು, ಅದೂ ಅಕ್ಕನ ಸಂಗಾಟ ಜಗಳಾಡಿ" ಎಂದಳು. ಅದು ದೂರೋ ಹೆಮ್ಮೆಯೋ ಅವಳ ಮುಖದಿಂದ ಗೊತ್ತಾಗಲಿಲ್ಲ.

ಇತ್ತ ಹಾಡು ದೇಶದ ಗಡಿ ದಾಟಿತು. ಬ್ರೆಜಿಲ್‌ನ ಸಮುದ್ರದಂಡೆಯಲ್ಲಿ ತುಂಡು ಬಟ್ಟೆಯ ಜನ ಇದಕ್ಕೆ ಕುಣಿದರು. ಟರ್ಕಿಯ ಮದುಮಕ್ಕಳು ಇದನ್ನು ಹಚ್ಚಿ ಕೇಕು ಕತ್ತರಿಸಿದರು. ಕೊರಿಯಾದ ಹುಡುಗರು ಬಲಗೈಯನ್ನು ಸಿಗ್ನಲ್ ಕಂಬದ ಹಾಗೆ ಮೇಲೆತ್ತಿ ಧಡಕ್ಕನೆ ಕೆಳಗಿಳಿಸುವ ಹೆಜ್ಜೆಯೊಂದನ್ನು ಹುಟ್ಟಿಸಿದರು. ಅದನ್ನು ನಾರ್ವೆಯ ಮುದುಕರು ಕಲಿತರು. ಯಾವನೋ ಪುಣ್ಯಾತ್ಮ ಅರ್ಥವನ್ನೂ ಬರೆದು ಹಾಕಿದ್ದ: ‘ನನ್ನ ಹೃದಯವೊಂದು ರೈಲು, ನಿನ್ನ ಕಣ್ಣಿನ ಹಸಿರಿಗಾಗಿ ಕಾದಿದೆ.’ ಭೀಮಣ್ಣ ಅದನ್ನು ಎರಡು ಸಲ ಓದಿದ. ಅವನ ಅಕ್ಕನ ಕಣ್ಣು ಆವತ್ತು ಕೆಂಪಿತ್ತು. ಹಾಡು ಜಗತ್ತನ್ನು ಆಳುತ್ತಿತ್ತು, ಹಾಡಿದವರು ಅಳುತ್ತಿದ್ದರು. ನಡುವೆ ಇದ್ದದ್ದು ಒಂದು ದೀರ್ಘ.

ಸೊಸೈಟಿಯ ಕೆಳಗಿನ ಹಾಲಿನಲ್ಲಿ ಬೆಳಗಿನ ವ್ಯಾಯಾಮದ ಕ್ಲಾಸು ನಡೆಸುವ ಮರಾಠಿ ನೆರೆಮನೆಯವಳು ಹರ್ಷದಾ ಮಾತ್ರ ಕೊಡೆಯ ಚಿತ್ರಕ್ಕೆ ಮೋಸಹೋಗಲಿಲ್ಲ. ದನಿಯ ಗುರುತು ಹಿಡಿದು ಅವಳು ಲಿಫ್ಟಿನಲ್ಲಿ ಭೀಮಣ್ಣನನ್ನು ಅಡ್ಡಗಟ್ಟಿದಳು. "ಅಹೋ ಭೀಮಣ್ಣಾ, ಕಾಯ್ ಆವಾಜ್ ಆಹೆ ತುಮ್ಚಾ" ಎಂದು ದನಿಯನ್ನು ಹೊಗಳಿ, ಈ ಹಾಡು ಬಂದಾಗಿನಿಂದ ತನಗೂ ಗಂಡನಿಗೂ ಜಗಳವೇ ಆಗಿಲ್ಲವೆಂದಳು. ಮರುದಿನ ಬೆಳಗ್ಗೆ ಆರೂವರೆಗೆ ಇಪ್ಪತ್ತೆರಡು ಹೆಂಗಸರು ರುದ್ರವ್ವನ ಸಾವಿಗೆ ಸೊಂಟ ತಿರುವುವುದನ್ನು ಭೀಮಣ್ಣ ಬಾಲ್ಕನಿಯಲ್ಲಿ ಹಲ್ಲುಜ್ಜುತ್ತ ಕೇಳಿಸಿಕೊಂಡ.

ಹೀಗೆ ಹನ್ನೊಂದು ತಿಂಗಳಾದವು. ತಾಯಿಯ ವರ್ಷದ ಕಾರ್ಯ ಹತ್ತಿರ ಬಂತು. ಕಾರ್ಯ ಮಗನ ಮನೆಯಲ್ಲಿ, ಅಂದರೆ ಕೊಂಢವಾದಲ್ಲಿಯೇ ಆಗಬೇಕು. ಭೀಮಣ್ಣ ‘ಬರ್ರಿ’ ಎಂದು ಹೇಳಲು ದೌಂಡಕ್ಕೆ ಫೋನ್ ಮಾಡಿದ. ಎತ್ತಿದವನು ದತ್ತು.

"ಭೀಮಾ, ನಾನೇ ಮಾಡಾಂವಿದ್ದೆ. ಮೂವತ್ತೊಂದು ವರ್ಷ ಆತು ನಾ ಸಿಗ್ನಲ್ ನೋಡ್ಕೊಳ್ಳಿಕ್ಕತ್ತು. ಒಬ್ಬ ಡ್ರೈವರ್ ಒಂದು ದಿನ ಸಿಗಲಿಲ್ಲ ಅಂದಿಲ್ಲ. ಈಗ ನೋಡಪಾ, ಇಡೀ ಜಗತ್ತು ಸಿಗಲಿಲ್ಲ ಸಿಗಲಿಲ್ಲ ಅಂತ ಕುಣಿಲಿಕ್ಕತ್ಯದ. ನಮ್ಮ ಸಾಹೇಬ್ರು ಕೇಳ್ತಾರ, ದತ್ತು, ಯಾವ ಸಿಗ್ನಲ್ ಅದು ಅಂತ. ನಾ ರಜಿಸ್ಟರ್ ತಗದು ತೋರ್ಸೀನಿ. ಆವತ್ತು ಒಂದ ಗಾಡಿನೂ ನಿಂತಿಲ್ಲ."

"ಮಾಮಾ, ಅದು ಬಿಡ್ರಿ. ಅಕ್ಕಗ ಹೇಳ್ರಿ, ಅವ್ವನ ಕಾರ್ಯಕ್ಕ—"

ಹಿಂದಿನಿಂದ ಸಾಬವ್ವನ ದನಿ ಕೇಳಿತು. "ಹೇಳ್ರಿ ಅವಗ. ಜಗತ್ತಿನ್ಯಾಗ ಎಲ್ಲೆಲ್ಲಿ ಆ ಹಾಡು ಕೇಳ್ತದೋ ಅಲ್ಲೆಲ್ಲ ಬಂದ್ ಆಗ್ಬೇಕು. ಆಮ್ಯಾಲೆ ಅವನ ಹೊಸ್ತಿಲಾ ದಾಟ್ತೀನಿ ಅಂತ ಹೇಳ್ರಿ."

ದತ್ತು ವಿಧೇಯನಾಗಿ, "ಭೀಮಾ, ನಿಮ್ಮಕ್ಕ ಏನಂತಾಳಂದ್ರ—" ಎಂದ.

"ಕೇಳಿಸ್ತ್ರಿ ಮಾಮಾ."

"ಕೇಳಿಸ್ತಂತ ಅವಗ" ಎಂದು ದತ್ತು ಅತ್ತ ವರದಿ ಮಾಡಿದ.

"ಇವತ್ತು ಕೇಳಿಸ್ತಾ ಅಂತ ಕೇಳ್ರಿ" ಎಂದಳು ಸಾಬವ್ವ. ಫೋನು ಕಟ್ಟಾಯಿತು.

ಕೊಂಢವಾದ ಕನ್ನಡಿಗರಲ್ಲಿ ಸಾವು ಹುಟ್ಟುಗಳ ಶಾಸ್ತ್ರ ಬಲ್ಲ ಹಿರಿಯರೆಂದರೆ ಶಿವಪುತ್ರಪ್ಪನವರು. ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಪ್ರತಿ ಮಾತಿಗೂ ಮುಂಚೆ ಮುದ್ರೆ ಒತ್ತುವಷ್ಟು ಹೊತ್ತು ತಡೆಯುವುದು ಅವರ ರೂಢಿ. ಭೀಮಣ್ಣ ಅವರಲ್ಲಿಗೆ ಹೋಗಿ, ಅಕ್ಕ ಬರದಿದ್ದರೆ ಹೇಗೆ ಎಂದು ಕೇಳಿದ.

ಶಿವಪುತ್ರಪ್ಪನವರು ತಡೆದು ಹೇಳಿದರು. "ಮಗಳು ಕುಂತು ಅಳಲಾರದ ಎಡಿ ಅಂದ್ರ ಸ್ಟಾಂಪ್ ಹಚ್ಚಲಾರದ ಕವರ್ ಇದ್ದಂಗ್ರಿ ಭೀಮಣ್ಣ. ಹೋಗ್ತದ. ಮುಟ್ಟೂದಿಲ್ಲ."

"ವಾಪಸ್ ಬರ್ತದೇನ್ರಿ?"

"ಅದು ಅಡ್ರೆಸ್ ಮ್ಯಾಲೆ."

ಭೀಮಣ್ಣ ಚಪ್ಪಲಿ ಮೆಟ್ಟಿ ಮನೆಗೆ ಹೊರಟ. ತಾಯಿ ಬದುಕಿದ್ದಾಗ ಕಡೆಯ ಹೊತ್ತಿಗೆ ಅವನು ಮುಟ್ಟಲಿಲ್ಲ. ಈಗ ಅವನು ಇಟ್ಟ ಅನ್ನವೂ ಮುಟ್ಟುವುದಿಲ್ಲ. ಕಾರ್ಯಕ್ಕೆ ಉಳಿದದ್ದು ಇಪ್ಪತ್ತಾರು ದಿನ. ಅಷ್ಟರೊಳಗೆ ಈ ಟೈಲ್ಸ್ ಗುಮಾಸ್ತ ಭೂಮಂಡಲದ ಬಾಯಿ ಮುಚ್ಚಿಸಬೇಕಿತ್ತು.

ಮೊದಲು ಸ್ವಪ್ನಿಲ್‌ನನ್ನು ಹಿಡಿದ. ಸ್ವಪ್ನಿಲ್ ಮರುಮಾತಿಲ್ಲದೆ ತಾನು ಹಾಕಿದ್ದನ್ನು ಅಳಿಸಿಹಾಕಿದ. "ಆತು ಮಾಮಾ. ನಂದು ತಗದೀನಿ. ಇನ್ನ ಉಳಿದಿದ್ದು ಬ್ಯಾರೆಯವ್ರು ಮಾಡಿದ್ದು."

"ಅವು ಎಷ್ಟವ?"

"ನಾಲ್ವತ್ತು ಸಾವಿರ."

"ಅವ್ರ ಮನಿಗೋಳಿಗಿ ಹೋಗಿ ಕೈಮುಗದು ಕೇಳ್ಕೊಂಡ್ರ?"

ಸ್ವಪ್ನಿಲ್ ಫೋನು ತಿರುಗಿಸಿ ತೋರಿಸಿದ. ಮಲಗುವ ಮುನ್ನ ಕೇಳುವ ನಿಧಾನದ್ದು ಒಂದು, ಬರೀ ಕೊಳಲಿನದು ಒಂದು, ಬೆಕ್ಕುಗಳ ಮನಶ್ಶಾಂತಿಗೆಂದು ಒಂದು. ಭೀಮಣ್ಣ ಬೆಕ್ಕಿನದನ್ನು ಸ್ವಲ್ಪ ಹೊತ್ತು ನೋಡಿದ. ಸಾಬವ್ವ ಅಳುತ್ತಿದ್ದಳು, ಬೆಕ್ಕು ನಿದ್ದೆ ಹೋಗುತ್ತಿತ್ತು.

ಆಮೇಲೆ ಪೊಲೀಸ್ ಠಾಣೆ. ಅಲ್ಲಿದ್ದ ಹವಾಲ್ದಾರ ಸೊಲ್ಲಾಪುರದ ಕಡೆಯವನಾದ್ದರಿಂದ ಮಾತಿಗೆ ತೊಂದರೆಯಾಗಲಿಲ್ಲ, ತೊಂದರೆಗೆ ಮಾತಾಯಿತು.

"ಏನು ಕಳುವಾಗ್ಯದ?"

"ಅಳುರೀ."

"ಯಾರದು?"

"ನಂದು, ನಮ್ಮ ಅಕ್ಕಂದು."

"ಸಂಶಯ ಯಾರ ಮ್ಯಾಲದ?"

"ಹೆಂಡತಿ ತಮ್ಮನ ಮ್ಯಾಲ್ರಿ."

"ಅದು ಎಲ್ಲಾರಿಗೂ ಇರ್ತದ. ಹೊಸಾದು ಏನರ ಅದ ಏನು?"

ಭೀಮಣ್ಣ ಎಲ್ಲ ವಿವರಿಸಿದ. ಹವಾಲ್ದಾರ ಪೆನ್ನು ಕೆಳಗಿಟ್ಟು ಅವನನ್ನು ಮೇಲಿನಿಂದ ಕೆಳಗೆ ನೋಡಿದ. "ನೀವು ಭೀಮ್ ಎಕ್ಸ್?" ಎಂದ. ಹೌದೆಂದರೆ ನಂಬುವುದು ಹೇಗೆ, ಕೊಡೆಯ ಕೆಳಗಿನ ಹುಡುಗನಿಗೆ ತಲೆತುಂಬ ಕೂದಲಿದೆಯಲ್ಲ. "ಫಿರ್ಯಾದಿ ಬರ್ಕೋಬೇಕಂದ್ರ ಗುರುತು ಖಾತ್ರಿ ಮಾಡ್ಬೇಕ್ರಿ. ಎರಡು ಸಾಲು ಹಾಡ್ರಿ."

ಕಾನೂನಿಗೆ ತಲೆಬಾಗುವ ಸ್ವಭಾವದ ಭೀಮಣ್ಣ ಕಂಪ್ಲೇಂಟಿನ ಮೇಜಿಗೆ ಎರಡೂ ಕೈಯೂರಿ ಹಾಡಿದ. ಸಿಗಲಿಲ್ಲ ಎನ್ನುವಷ್ಟರಲ್ಲಿ ಅವ್ವನ ಮುಖ ಕಣ್ಣೆದುರು ಬಂದು ದನಿ ಒಡೆಯಿತು. ಒಳಗಿನಿಂದ ಸಾಹೇಬರು ಎದ್ದು ಬಂದು ಬಾಗಿಲಲ್ಲಿ ನಿಂತರು. ಲಾಕಪ್ಪಿನಲ್ಲಿದ್ದವನೊಬ್ಬ ಸರಳು ಹಿಡಿದು ಸಣ್ಣಗೆ ದನಿಗೂಡಿಸಿದ. ಹಾಡು ಮುಗಿದಾಗ ಫಿರ್ಯಾದಿ ಬರೆದುಕೊಳ್ಳುವ ಸ್ಥಿತಿಯಲ್ಲಿ ಅಲ್ಲಿ ಯಾರೂ ಇರಲಿಲ್ಲ. ಪಾಸ್‌ಪೋರ್ಟ್ ಕೆಲಸಕ್ಕೆ ಬಂದು ಬೆಂಚಿನಲ್ಲಿ ಕೂತಿದ್ದ ಯಾರೋ ಮಾತ್ರ ಎಚ್ಚರದಿಂದಿದ್ದು ಫೋನು ಎತ್ತಿ ಹಿಡಿದಿದ್ದರು. ‘ಠಾಣೆಯಲ್ಲಿ ಭೀಮ್’ ಎಂಬ ಆ ಹೊಸ ವಿಡಿಯೋ ಸಂಜೆಯೊಳಗೆ ಮೆಕ್ಸಿಕೋ ಮುಟ್ಟಿತು. ಪ್ರೀತಿಸಿದ್ದಕ್ಕೆ ಇವನನ್ನು ಬಂಧಿಸಿದ್ದಾರೆಂದು ತಿಳಿದ ಅಲ್ಲಿನ ಹುಡುಗಿಯರು ಬಿಡುಗಡೆಗಾಗಿ ಸಹಿ ಸಂಗ್ರಹಿಸಿದರು.

ವೈರಲ್ ಆದಷ್ಟೂ ಅಕ್ಕ ವೈರಿಯಾದಳು. ಮರುದಿನ ದತ್ತುವಿನ ಫೋನು ಬಂತು. "ಭೀಮಾ, ಬಂದ್ ಮಾಡು ಅಂದ್ರ ಮತ್ತೊಂದು ಹಾಡೀದ್ಯಂತಲ್ಲೋ. ನಿಮ್ಮಕ್ಕ ಇನ್ನ ಕಾರ್ಯದ ಸುದ್ದಿನೇ ತಗೀಬ್ಯಾಡ ಅಂದಾಳ."

ಉಳಿದದ್ದು ಒಂಬತ್ತು ದಿನ. ಭೀಮಣ್ಣ ಊಟ ಬಿಟ್ಟ. ಮೋರೆಯಲ್ಲಿ ಯಾವ ಬದಲಾವಣೆಯೂ ಕಾಣದ್ದರಿಂದ ಅಂಗಡಿಯಲ್ಲಿ ಯಾರೂ ಅದನ್ನು ಗಮನಿಸಲಿಲ್ಲ. ಆಗ ಸ್ವಪ್ನಿಲ್ ಒಂದು ದಾರಿ ತಂದ. ಪುಣೆಯ ಕನ್ನಡಿಗರಿಗಾಗಿ ಪಾಡ್‌ಕಾಸ್ಟ್ ನಡೆಸುವ ನೀತಾ ಎಂಬ ಬೆಂಗಳೂರಿನ ಹುಡುಗಿ ಇವನ ಸಂದರ್ಶನಕ್ಕೆ ಕಾದಿದ್ದಾಳೆ. ಅಲ್ಲಿ ಕುಳಿತು ಇದು ಪ್ರೇಮಗೀತೆಯಲ್ಲ, ತಾಯಿಯ ಸಾವಿನ ಅಳು ಎಂದು ಹೇಳಿಬಿಟ್ಟರೆ ಜನ ತಾವಾಗಿಯೇ ನಾಚಿಕೊಂಡು ಬಿಡುತ್ತಾರೆ. ಭೀಮಣ್ಣನಿಗೆ ಇದು ಸರಿಯೆನ್ನಿಸಿತು. ಲೋಕಕ್ಕೆ ನಾಚಿಕೆಯಿದೆ ಎಂದು ಅವನು ಇನ್ನೂ ನಂಬಿದ್ದ.

ವಿಮಾನ ನಗರದ ಆ ಕೋಣೆಯಲ್ಲಿ ನಾಲ್ಕೂ ಗೋಡೆಗೆ ಕರಿ ಫೋಮು ಬಡಿದಿದ್ದರು. ಕಿವಿಗೆ ದೊಡ್ಡದೊಂದು ಹೆಡ್‌ಫೋನು ಏರಿಸಿದರು. ನೀತಾ ಉಸಿರು ಬಿಡದೆ ಶುರುಮಾಡಿದಳು.

"ಹಲೋ ಹಲೋ, ಇವತ್ ನಮ್ ಜೊತೆ ಯಾರಿದಾರೆ ಗೊತ್ತಾ, ನೀವ್ ನಂಬಲ್ಲ, ಒನ್ ಅಂಡ್ ಓನ್ಲಿ ಭೀಮ್. ಸರ್, ನಾನ್ ಎಷ್ಟ್ ದೊಡ್ ಫ್ಯಾನ್ ಅಂದ್ರೆ ಹೇಳಕ್ಕಾಗಲ್ಲ. ಫಸ್ಟ್ ಕ್ವೆಶ್ಚನ್. ನೀವೂ ಸಾಬಾನೂ ಮೊದ್ಲು ಮೀಟ್ ಆಗಿದ್ದೆಲ್ಲಿ?"

"ಮನ್ಯಾಗ್ರಿ. ನಾ ಹುಟ್ಟಿದಾಗ ಆಕಿ ಅಲ್ಲೇ ಇದ್ಲು."

"ವಾವ್. ಅಂದ್ರೆ ಅಷ್ಟ್ ಚಿಕ್ ವಯಸ್ಸಿಂದ ಲವ್ವು."

"ನಮ್ಮ ಅಕ್ಕ್ರೀ ಆಕಿ."

ನೀತಾ ಕಾಗದದ ಮೇಲೆ ಬರೆದುಕೊಂಡಿದ್ದ ಹದಿನಾಲ್ಕು ಪ್ರಶ್ನೆಗಳನ್ನು ನಿಧಾನವಾಗಿ ತಿರುವಿ ಇಟ್ಟಳು. ಅವನು ಹೇಳಿದ. ಹಾಡ್ಯಾಡಿಕೊಂಡು ಅಳುವುದೆಂದರೇನು, ಅದಕ್ಕೆ ಯಾಕೆ ಉತ್ತರ ಕೊಡಬಾರದು, ತಾನು ಯಾಕೆ ಕೊಟ್ಟೆ, ಹೂವಿನಲ್ಲಿ ಕುಳಿತ ಅವ್ವನಿಗೆ ಆವತ್ತು ಯಾವ ಸೀರೆ ಉಡಿಸಿದ್ದರು, ಎಲ್ಲವನ್ನೂ ಹೇಳಿದ.

"ಅಯ್ಯೋ ಸರ್" ಎಂದಳು ನೀತಾ. ಅವಳ ಮಾತು ಈಗ ನಡೆಯುತ್ತ ಬರುತ್ತಿತ್ತು. "ಪಾಪ, ಟ್ರೈನ್ ಎ‌ಷ್ಟೊತ್ತು ನಿಂತಿತ್ತು ಸರ್ ಆವತ್ತು?"

ಕೋಣೆ ಬಹಳ ಶಾಂತವಾಗಿತ್ತು. ತಿಂಗಳುಗಳಿಂದ ಭೀಮಣ್ಣ ಎಲ್ಲಿ ಹೋದರೂ ಆ ಹಾಡು ಕೇಳುತ್ತಿತ್ತು. ಅದು ಕೇಳಿಸದ ಜಾಗ ಇದೊಂದೇ.

"ನಿಂತಿರ್ಲಿಲ್ರೀ. ಅಕ್ಕ ಫೋನ್ ಮಾಡಿದಾಗ ನಾ ಗಾಡ್ಯಾಗೇ ಇರ್ಲಿಲ್ಲ. ಅಂಗಡ್ಯಾಗ ಇದ್ದೆ. ಫೋನು ನನ್ನ ಮುಂದೇ ಇತ್ತು. ಎಂಟೂ ಸಲ ನೋಡೀನಿ. ನಾಕನೇ ಸಲಕ್ಕ ಅದರ ಮ್ಯಾಲೆ ಒಂದು ಟೈಲ್ ಮುಚ್ಚಿಟ್ಟೆ. ಎರಡಡಿ ಎರಡಡಿದು. ಆದ್ರೂ ಗುರ್ ಅಂತಿತ್ತು."

"ಯಾಕ್ ಸರ್ ಎತ್ಲಿಲ್ಲ?"

"ಏನು ಹೇಳ್ತಾಳಂತ ಗೊತ್ತಿತ್ತಲ್ರೀ. ನಾ ಎತ್ತೂತನಕ ನಮ್ಮವ್ವ ಇರ್ತಿದ್ಲು."

ನೀತಾ ಎದ್ದು ಬಂದು ಅವನ ಕಿವಿಯ ಹೆಡ್‌ಫೋನು ಕಳಚಿದಳು.

ಸಂದರ್ಶನ ಹೊರಬಿದ್ದ ಮೇಲೆ ಲೋಕ ನಾಚಿಕೊಂಡಿತೇ ಎಂದರೆ, ಇಲ್ಲ. ಇಷ್ಟು ದಿನ ಬರೀ ಕುಣಿಯುತ್ತಿದ್ದವರು ಈಗ ಅಳುತ್ತ ಕುಣಿಯತೊಡಗಿದರು. ಫೋನು ಬಡಿದುಕೊಳ್ಳುವಾಗ ಅದರ ಮೇಲೊಂದು ಟೈಲ್ ಮುಚ್ಚಿ ಕಣ್ಣೀರು ಹಾಕುವ ಆಟ ಪೋಲೆಂಡಿನಲ್ಲಿ ಶುರುವಾಗಿ ಪಿಂಪರಿಯವರೆಗೆ ಬಂತು. ಭೀಮಣ್ಣನ ಸೇಠ್ ಅಂಗಡಿಯ ಮುಂದೆ ‘ಅದೇ ಟೈಲ್ ಇಲ್ಲಿ ಸಿಗುತ್ತದೆ’ ಎಂದು ಬೋರ್ಡು ಹಾಕಿಸಿದ. ಶಿವಪುತ್ರಪ್ಪನವರು ದಾರಿಯಲ್ಲಿ ಸಿಕ್ಕಾಗ ಬಹಳ ಹೊತ್ತು ತಡೆದು, ಏನೂ ಹೇಳದೆ ಹೋದರು.

ದತ್ತು ಫೋನ್ ಮಾಡಿದ. "ಭಾಳ ಛಲೋ ಆತು ಭೀಮಾ. ನಮ್ಮ ಸಾಹೇಬ್ರಿಗಿ ಕೇಳಿಸ್ದೆ. ಸಿಗ್ನಲ್ ಬರೋಬ್ಬರಿ ಇತ್ತು ಅಂತ ಒಪ್ಕೊಂಡ್ರು."

"ಅಕ್ಕ ಕೇಳಿದ್ಲೇನ್ರಿ ಮಾಮಾ?"

"ಕೇಳಿದ್ಲು."

"ಏನಂದ್ಲು?"

ದತ್ತು ದನಿ ತಗ್ಗಿಸಿದ. "ಏನೂ ಅನ್ಲಿಲ್ಲೋ. ಕಸಬರಿಗಿ ತಗೊಂಡು ಅಂಗಳಾ ಉಡುಗ್ಲಿಕ್ಕ ಹೋದ್ಲು. ಬೆಳಿಗ್ಗೆನೇ ಉಡುಗಿದ್ಲು ಅದನ್ನ."

ಬರುತ್ತಾಳೋ ಇಲ್ಲವೋ ಎಂದು ಕೇಳುವ ಧೈರ್ಯ ಭೀಮಣ್ಣನಿಗಾಗಲಿಲ್ಲ.

ಕಾರ್ಯದ ದಿನ ಮನೆ ತುಂಬಿತು. ಬರಬೇಕಾದವರು ಮೂವತ್ತು, ಬಂದವರು ತೊಂಬತ್ತು. ಹರ್ಷದಾ ಇಡೀ ವ್ಯಾಯಾಮದ ಕ್ಲಾಸನ್ನು ಬಿಳಿ ಸೀರೆಯಲ್ಲಿ ಕರೆತಂದಿದ್ದಳು. ಗೋಡೆಯ ಹತ್ತಿರ ರುದ್ರವ್ವನ ಫೋಟೋ, ಅದರ ಮುಂದೆ ಹುಗ್ಗಿ, ಬದನೆಕಾಯಿ ಪಲ್ಯ, ರೊಟ್ಟಿಯ ಎಡೆ. ಹನ್ನೆರಡಾಯಿತು. ಪೂಜೆಗೆ ಬಂದಿದ್ದ ಅಯ್ಯನವರು ಎರಡು ಸಲ ಕೆಮ್ಮಿದರು. ಶಿವಪುತ್ರಪ್ಪನವರು ಗಡಿಯಾರ ನೋಡಿ, ಭೀಮಣ್ಣನನ್ನು ನೋಡಿ, ವಿಳಾಸವಿಲ್ಲದ ಕಾಗದಕ್ಕೆ ತಲೆಯಾಡಿಸುವಂತೆ ತಲೆಯಾಡಿಸಿದರು.

ಹನ್ನೆರಡೂ ಇಪ್ಪತ್ತಕ್ಕೆ ಲಿಫ್ಟಿನ ಬಾಗಿಲು ತೆರೆಯಿತು. ಮುಂದೆ ದತ್ತು, ಹಿಂದೆ ಸಾಬವ್ವ. ಅವಳು ತಮ್ಮನ ಮುಖ ನೋಡಲಿಲ್ಲ. ಸುಮಂಗಲಾ ಕೊಟ್ಟ ನೀರನ್ನು ಕಾಲಿಗೆ ಹಾಕಿಕೊಂಡು ಹೊಸ್ತಿಲು ದಾಟಿ, ನೆಟ್ಟಗೆ ಹೋಗಿ ಫೋಟೋದ ಮುಂದೆ ಕುಳಿತಳು. ಸೆರಗು ಸರಿಮಾಡಿಕೊಂಡು ಅಳಲು ಬಾಯಿ ತೆರೆದಳು.

"ಎವ್ವಾ—"

ಮೊದಲ ಸಾಲು ಅರ್ಧವಾಗಿತ್ತೋ ಇಲ್ಲವೋ, ಹಿಂದೆ ಯಾರದೋ ಕಾಲ್ಬೆರಳು ನೆಲ ತಟ್ಟಿತು. ಎರಡನೆಯ ಸಾಲಿಗೆ ಮೂರ್ನಾಲ್ಕು ಗಂಟಲು ಗುನುಗಿದವು. ಹರ್ಷದಾಳ ಬಲಗೈ ಅವಳನ್ನು ಕೇಳದೆಯೇ ಮೇಲೇರಿ ಸಿಗ್ನಲ್ ಕಂಬದಂತೆ ನಿಂತಿತು. ಅವಳೇ ಎಡಗೈಯಿಂದ ಅದನ್ನು ಹಿಡಿದು ಕೆಳಗಿಳಿಸಿದಳು. ಸಾಬವ್ವ ನಿಲ್ಲಿಸಿ ಬೇರೆ ರಾಗ ಹಿಡಿದಳು. ಒಂದು ಸಾಲು ನಡೆದು ಅದೂ ಮತ್ತೆ ಹಳೆಯ ಮಟ್ಟಿಗೇ ಬಂತು. ಅವಳಿಗೆ ಬರುತ್ತಿದ್ದದ್ದು ಅದೊಂದೇ. ಅವ್ವ ಅವಳಿಗೆ ಕಲಿಸಿದ್ದು ಅದೊಂದನ್ನೇ. ಅದನ್ನೀಗ ತೊಂಬತ್ತು ಜನ ಅವಳಿಗಿಂತ ಚೆನ್ನಾಗಿ ಬಲ್ಲವರಾಗಿ ಮುಂದಿನ ಸಾಲಿಗಾಗಿ ತುಟಿ ಕೂಡಿಸಿ ಕಾದಿದ್ದರು.

ಸಾಬವ್ವ ಬಾಯಿ ಮುಚ್ಚಿದಳು. "ಎಲ್ಲಾರೂ ಹೊರಗ ನಡೀರಿ" ಎಂದಳು.

ಶಿವಪುತ್ರಪ್ಪನವರು, "ಸಾಬವ್ವಾ, ಶಾಸ್ತ್ರ ಏನಂತದಂದ್ರ—" ಎಂದು ಶುರುಮಾಡಿದರು.

"ನೀವೂ ನಡೀರಿ ಕಾಕಾ."

ಜನ ಎದ್ದರು. ಎಲ್ಲರೂ ಎಂದದ್ದರಲ್ಲಿ ತಾನೂ ಸೇರಿದ್ದೇನೆಂದು ತಿಳಿದು, ಭೀಮಣ್ಣನೂ ತನ್ನ ಮನೆಯಿಂದ ತಾನೇ ಹೊರಡಲು ಎದ್ದ. ಸಾಬವ್ವ ತಿರುಗಿ ನೋಡದೆಯೇ ಅವನ ಅಂಗಿಯ ಚುಂಗು ಹಿಡಿದು ಕೆಳಗೆ ಜಗ್ಗಿದಳು. ಅವನು ಧೊಪ್ಪನೆ ಕುಳಿತ. ಕಡೆಯವಳಾಗಿ ಹೊರಬಂದ ಸುಮಂಗಲಾ ಬಾಗಿಲು ಎಳೆದುಕೊಂಡಳು.

ಹೊರಗೆ ಮೆಟ್ಟಿಲುಗಳ ಮೇಲೆ ತೊಂಬತ್ತು ಜನ ಉಸಿರು ಹಿಡಿದು ನಿಂತರು. ಎರಡನೆಯ ಹಾಡು ಈಗ ಬರುತ್ತದೆ, ಆಗ ಬರುತ್ತದೆ ಎಂದು ಕಾದರು. ಅಯ್ಯನವರಿಗೆ ಹಸಿವಾಗಿತ್ತು. ಶಿವಪುತ್ರಪ್ಪನವರು ಬಾಗಿಲಿಗೆ ಕಿವಿಯಿಟ್ಟು, ಏನೂ ಕೇಳುತ್ತಿಲ್ಲವೆಂದು ಸನ್ನೆ ಮಾಡಿದರು. ಸ್ವಪ್ನಿಲ್ ಮಾತ್ರ ನಿಶ್ಚಿಂತನಾಗಿದ್ದ. ಚಟ ಬಿಡದ ಅವನು ತನ್ನ ಫೋನನ್ನು ಒಳಗೆ ಶೆಲ್ಫಿನ ಮೇಲೆ, ಅಷ್ಟೋತ್ತರದ ಪುಸ್ತಕಗಳ ನಡುವೆ ಚಾಲೂ ಮಾಡಿಟ್ಟು ಬಂದಿದ್ದ.

ಮರುದಿನ ಅವನು ಸ್ಟುಡಿಯೋದಲ್ಲಿ ಕುಳಿತು ಅದನ್ನು ಕೇಳಿದ. ನಲವತ್ತೊಂದು ನಿಮಿಷ. ಮೊದಲು ಫ್ಯಾನಿನ ಸದ್ದು. ಬಹಳ ಹೊತ್ತಿನ ಮೇಲೆ ಯಾರೋ ಒಬ್ಬರು ಮೂಗು ಒರೆಸಿಕೊಂಡರು. ಆಮೇಲೆ ಇನ್ನೊಬ್ಬರು. ಮತ್ತೆ ಫ್ಯಾನು. ಎಡೆಯ ತಟ್ಟೆಯನ್ನು ನೆಲದ ಮೇಲೆ ಒಬ್ಬರ ಕಡೆಯಿಂದ ಇನ್ನೊಬ್ಬರ ಕಡೆಗೆ ಸರಿಸಿದ ಸದ್ದು. ಮೂವತ್ತೆಂಟನೆಯ ನಿಮಿಷಕ್ಕೆ ಸಾಬವ್ವನ ದನಿ, ರಾಗವಿಲ್ಲದೆ:

"ಉಣ್ಣು."

ಅದರಾಚೆ ರೊಟ್ಟಿ ಮುರಿದ ಸದ್ದು, ಅಷ್ಟೇ. ಸ್ವಪ್ನಿಲ್ ಆ ಒಂದು ಶಬ್ದವನ್ನು ಕತ್ತರಿಸಿ ತೆಗೆದು, ಅದಕ್ಕೆ ಮೂರು ಥರದ ತಾಳ ಕೂಡಿಸಿ ನೋಡಿದ. ಯಾವುದಕ್ಕೂ ಅದು ಕುಣಿಯಲಿಲ್ಲ.